ಮೊದಲ ರಿಗ್ ಕೊಳ್ಳುವವರಿಗೆ: ಬಣ್ಣ ಆಮೇಲೆ, ತಕ್ಕಡಿ ಮೊದಲು

ಸ್ಕೈಡೈವಿಂಗ್ ಲೈಸೆನ್ಸ್ ಕೈಗೆ ಬಂದ ವಾರವೇ ಹೊಸ ಜಂಪರ್‌ಗಳಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಪ್ಯಾರಾಶೂಟ್ ಇಡುವ ಚೀಲ, ಅಂದರೆ ಕಂಟೇನರ್, ತಯಾರಿಸುವ ಕಂಪನಿಯ ಪುಟ ತೆರೆದು ಬಣ್ಣ ಹಚ್ಚುತ್ತ ಕೂರುವುದು. ಬೆನ್ನಿಗೆ ಕಪ್ಪು, ಅಂಚಿಗೆ ಕಿತ್ತಳೆ, ಹೆಸರಿಗೆ ಬಿಳಿ ದಾರದ ಕಸೂತಿ. ನಾನೂ ರಾತ್ರಿಗಟ್ಟಲೆ ಹಾಗೆ ಕೂತವನೇ, ಆದ್ದರಿಂದ ನಗುವ ಹಕ್ಕು ನನಗಿಲ್ಲ. ಆದರೆ ಕಣ್ಣು ಓಡುವ ಕ್ರಮವೇ ಬೇರೆ, ಕೊಳ್ಳಬೇಕಾದ ಕ್ರಮವೇ ಬೇರೆ. ಕಣ್ಣಿಗೆ ಮೊದಲು ಬೀಳುವುದು ಹೊರಗಿನ ಚೀಲ. ಜೀವ ತೂಗುವುದು ಒಳಗಿನ ಬಟ್ಟೆಯಲ್ಲಿ. ಆ ಬಟ್ಟೆಯ ಅಳತೆ ತೀರ್ಮಾನವಾಗುವುದು ನಿಮ್ಮ ತೂಕದಿಂದ.

ರಿಗ್ ಎಂದರೆ ನಾಲ್ಕು ಸಾಮಾನುಗಳ ಒಂದು ಗಂಟು. ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್ ಮತ್ತು ಅದಕ್ಕೆ ಹೊಲಿದ ಕಂಟೇನರ್. ಪ್ರತಿ ಜಂಪಿಗೂ ತೆರೆಯುವ ಮೇನ್ ಕ್ಯಾನೊಪಿ, ಅಂದರೆ ಮುಖ್ಯ ಪ್ಯಾರಾಶೂಟಿನ ರೆಕ್ಕೆ. ಮೇನ್ ಕೈಕೊಟ್ಟಾಗ ಬೇಕಾಗುವ ರಿಸರ್ವ್. ನೀವು ಯಾವುದನ್ನೂ ಎಳೆಯದೆ ಉಳಿದರೆ ತಾನಾಗಿ ರಿಸರ್ವ್ ಬಿಡಿಸುವ ಎಎಡಿ ಎಂಬ ಪುಟ್ಟ ಯಂತ್ರ. ಮೊದಲು ಮೇನ್‌ನ ಅಳತೆ ಗೊತ್ತಾಗಬೇಕು, ಅದರ ಜೊತೆಗೆ ರಿಸರ್ವ್‌ನ ಅಳತೆ, ಇವೆರಡೂ ಹಿಡಿಸುವ ಕಂಟೇನರ್, ಆ ಕಂಟೇನರಿನ ಹಾರ್ನೆಸ್ ನಿಮ್ಮ ಮೈಗೆ ಹೊಂದುತ್ತದೆಯೇ ಎಂಬ ಪರೀಕ್ಷೆ. ಇಷ್ಟೂ ಮುಗಿದ ಮೇಲೆ ಬೇಕಿದ್ದರೆ ಕಿತ್ತಳೆ ಬಣ್ಣ.

ಗಾಳಿ ಹದವಾಗಿದ್ದು, ಮೈದಾನ ಖಾಲಿಯಿದ್ದು, ಎಲ್ಲ ಸುಸೂತ್ರವಾಗಿ ನಡೆದ ದಿನ ಯಾವ ರಿಗ್ ಆದರೂ ನಡೆಯುತ್ತದೆ. ಆಯ್ಕೆ ಮಾಡಬೇಕಾದ್ದು ಕೆಟ್ಟ ದಿನವನ್ನು ಮನಸ್ಸಿನಲ್ಲಿ ಇಟ್ಟುಕೊಂಡು: ದೂರದಲ್ಲಿ ತೆರೆದುಕೊಂಡು, ಗುರುತಿಲ್ಲದ ಹೊಲದಲ್ಲಿ, ತಂತಿ ಬೇಲಿ ತಪ್ಪಿಸುತ್ತ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಯಬೇಕಾದ ದಿನ. ಮುಂದೆ ಹೇಳುವ ಪ್ರತಿ ಸಲಹೆಯನ್ನೂ ಆ ದಿನದ ಜೊತೆ ಇಟ್ಟು ನೋಡಿ.

ಹೆಜ್ಜೆ 1: ಈಗಲೇ ಕೊಳ್ಳಬೇಡಿ

ತರಬೇತಿಯಲ್ಲಿ ಕೊಡುವ ಕ್ಯಾನೊಪಿಗಳು ದೊಡ್ಡವು, 230 ಚದರ ಅಡಿಯಿಂದ 280 ದಾಟಿದವೂ ಇರುತ್ತವೆ. ಅಲ್ಲಿಂದ ನೀವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿರುತ್ತೀರಿ. ಇಳಿಯುವ ಮಧ್ಯದಲ್ಲೇ ರಿಗ್ ಕೊಂಡರೆ ಎರಡರಲ್ಲೊಂದು ಆಗುತ್ತದೆ. ಒಂದೋ ನಾಲ್ಕು ತಿಂಗಳಲ್ಲಿ ಅದನ್ನು ಮಾರಬೇಕು, ಇಲ್ಲವೇ ಮಾರುವುದು ಬೇಡವೆಂದು ಇವತ್ತೇ ಎರಡು ಮೆಟ್ಟಿಲು ಹಾರಿ ಚಿಕ್ಕದನ್ನು ಕೊಳ್ಳಬೇಕು. ಎರಡನೆಯದು ಅಪಾಯ. ಬೆಳೆಯುವ ಮಗುವಿಗೆ ಒಂದಳತೆ ದೊಡ್ಡ ಅಂಗಿ ಹೊಲಿಸುವುದು ಬುದ್ಧಿವಂತಿಕೆ. ಪ್ಯಾರಾಶೂಟ್‌ನಲ್ಲಿ ಆ ಲೆಕ್ಕ ತಿರುವುಮುರುವು: 'ಹೇಗೂ ಕಲೀತೀನಲ್ಲ' ಎಂದು ಚಿಕ್ಕದನ್ನು ಕೊಂಡವರು ಕಲಿಯುವ ತನಕ ನೆಲ ಕಾಯುವುದಿಲ್ಲ.

ಅಮೆರಿಕದ ಪ್ಯಾರಾಶೂಟ್ ಸಂಘ ಯುಎಸ್‌ಪಿಎ ಕೊಡುವ ಎ ಲೈಸೆನ್ಸಿಗೆ ಕನಿಷ್ಠ 25 ಜಂಪ್ ಬೇಕು, ಬಿ ಲೈಸೆನ್ಸಿಗೆ 50, ಸಿಗೆ 200, ಡಿಗೆ 500. ಒಂದು ಜಂಪಿನಲ್ಲಿ ಕ್ಯಾನೊಪಿಯ ಕೆಳಗೆ ಸಿಗುವುದು ಹೆಚ್ಚೆಂದರೆ ಐದು ನಿಮಿಷ. ಅಂದರೆ ಹೊಸದಾಗಿ ಎ ಲೈಸೆನ್ಸ್ ಪಡೆದವರು ಆ ರೆಕ್ಕೆಯನ್ನು ನಡೆಸಿದ್ದು ಒಟ್ಟಾರೆ ಎರಡು ಗಂಟೆ. ಎರಡು ಗಂಟೆ ಕಾರು ಓಡಿಸಿದವರ ಕೈಗೆ ನಾವು ಎಂಥ ಕಾರು ಕೊಡುತ್ತೇವೆ ಎಂದು ಯೋಚಿಸಿದರೆ ಸಾಕು.

ಆದ್ದರಿಂದ ಲೈಸೆನ್ಸ್ ಬಂದ ಮೇಲೂ ಕೆಲವು ಹತ್ತು ಜಂಪ್ ಡ್ರಾಪ್ ಝೋನಿನ (ಜಂಪ್ ನಡೆಸುವ ಮೈದಾನದ) ಬಾಡಿಗೆ ರಿಗ್ಗಿನಲ್ಲೇ ಮಾಡಿ. ಬೇರೆ ಬೇರೆ ಅಳತೆ, ಬೇರೆ ಬೇರೆ ಮಾದರಿ ಕೇಳಿ ಪಡೆಯಿರಿ. ದೊಡ್ಡ ತಯಾರಕರಲ್ಲಿ ಹಲವರು ಡೆಮೊ ಕ್ಯಾನೊಪಿಗಳನ್ನು ಪರೀಕ್ಷೆಗೆ ಕೊಡುತ್ತಾರೆ. ಬಾಡಿಗೆ ಹಣ ನೀರಿಗೆ ಹೋಯಿತು ಎನಿಸುವುದು ಸಹಜ. ಆದರೆ ತಪ್ಪು ಅಳತೆಯ ಮೇನ್ ಕೊಂಡು ಮಾರುವಾಗ ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಹೆಜ್ಜೆ 2: ಬಟ್ಟೆ, ಬೂಟು, ಹೆಲ್ಮೆಟ್ ಸಮೇತ ತೂಗಿ

ವಿಂಗ್ ಲೋಡಿಂಗ್ ಎಂಬ ಮಾತು ನೀವು ಆಗಲೇ ಕೇಳಿರುತ್ತೀರಿ. ವಿಮಾನದಿಂದ ಹೊರಬೀಳುವಾಗಿನ ನಿಮ್ಮ ಒಟ್ಟು ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು, ಕ್ಯಾನೊಪಿಯ ವಿಸ್ತೀರ್ಣವನ್ನು ಚದರ ಅಡಿಯಲ್ಲಿ ಇಟ್ಟು ಭಾಗಿಸಿದರೆ ಬರುವ ಅಂಕಿ ಅದು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಬೆಳಗ್ಗೆ ಬರಿಮೈಯಲ್ಲಿ ತೂಗಿದ ಅಂಕಿ ಹಾಕುವುದು. ರಿಗ್ ಒಂದೇ ಹತ್ತು ಕಿಲೋ ಆಸುಪಾಸು ಇರುತ್ತದೆ. ಅದರ ಮೇಲೆ ಜಂಪ್‌ಸೂಟ್, ಬೂಟು, ಹೆಲ್ಮೆಟ್, ಆಲ್ಟಿಮೀಟರ್. ಬಾಡಿಗೆ ರಿಗ್ ಕಟ್ಟಿಕೊಂಡು, ಎಲ್ಲ ತೊಟ್ಟು, ತಕ್ಕಡಿಯ ಮೇಲೆ ನಿಂತುಬಿಡಿ. ಅನುಮಾನಕ್ಕೆ ಎಡೆಯಿರುವುದಿಲ್ಲ.

ನಿಮ್ಮ ಮೈತೂಕ 70 ಕಿಲೋ ಎಂದುಕೊಳ್ಳೋಣ. ರಿಗ್ 10, ಉಳಿದದ್ದು 3. ಒಟ್ಟು 83 ಕಿಲೋ, ಅಂದರೆ 183 ಪೌಂಡ್. 210 ಚದರ ಅಡಿಯ ಕ್ಯಾನೊಪಿಯಲ್ಲಿ ವಿಂಗ್ ಲೋಡಿಂಗ್ 0.87. 190ರಲ್ಲಿ 0.96. 170ರಲ್ಲಿ 1.08. 150ರಲ್ಲಿ 1.22. ಮೈತೂಕವನ್ನಷ್ಟೇ ಹಾಕಿ ಲೆಕ್ಕ ಮಾಡಿದ್ದರೆ 150ರಲ್ಲೂ 1.03 ಬರುತ್ತಿತ್ತು, 'ಪರವಾಗಿಲ್ಲ' ಎನಿಸುತ್ತಿತ್ತು. ತೂಕ ಇಳಿಸಿದ ಮೇಲೆ ಎಷ್ಟಿರುತ್ತೀರಿ ಎಂಬ ಆಸೆಯ ಅಂಕಿಯನ್ನೂ ಹಾಕಬೇಡಿ. ಇವತ್ತು ಎಷ್ಟಿದ್ದೀರೋ ಅಷ್ಟು.

ಹೆಜ್ಜೆ 3: ಆ ಅಂಕಿಯನ್ನು ಓದುವುದು ಹೇಗೆ

ಹೊಸಬರಿಗೆ 1.0 ದಾಟಬೇಡಿ ಎಂಬುದು ಎಲ್ಲೆಡೆ ಕೇಳಿಬರುವ ಸಲಹೆ. ಒಳ್ಳೆಯ ಸಲಹೆಯೇ. ಕ್ಯಾನೊಪಿ ಹಾರಾಟದ ತರಬೇತುದಾರ ಬ್ರಯನ್ ಜರ್ಮೇನ್ ಜನಪ್ರಿಯಗೊಳಿಸಿದ ಸೂತ್ರವೊಂದಿದೆ: ಮೊದಲ ನೂರು ಜಂಪಿನವರೆಗೆ 1.0, ಆಮೇಲೆ ಪ್ರತಿ ನೂರು ಜಂಪಿಗೆ 0.1 ಸೇರಿಸಬಹುದು. ಅದು ಮೇಲ್ಮಿತಿ. ನೂರು ಜಂಪ್ ಆಯಿತೆಂದು 0.1 ನಿಮಗೆ ಸಲ್ಲಬೇಕಾದ ಬಾಕಿಯೇನೂ ಅಲ್ಲ.

ಅಂಕಿಯ ಹಿಂದಿರುವುದನ್ನು ಅರ್ಥಮಾಡಿಕೊಂಡರೆ ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ. ಒಂದೇ ಮಾದರಿಯ ಕ್ಯಾನೊಪಿಯಲ್ಲಿ ವೇಗವು ವಿಂಗ್ ಲೋಡಿಂಗಿನ ವರ್ಗಮೂಲದಂತೆ ಏರುತ್ತದೆ. ನಮ್ಮ 70 ಕಿಲೋ ಗೆಳೆಯ 190 ಬಿಟ್ಟು 150ಕ್ಕೆ ಬಂದರೆ ವೇಗ ಏರುವುದು ಸುಮಾರು 13 ಶೇಕಡಾ. ಕೇಳಲು ಏನೂ ಅಲ್ಲ. ಆದರೆ ನೆಲಕ್ಕೆ ಬಡಿಯುವಾಗ ಮೂಳೆ ತಾಳಿಕೊಳ್ಳಬೇಕಾದ್ದು ಶಕ್ತಿಯನ್ನು, ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಅಂದರೆ 27 ಶೇಕಡಾ. ಇದು ನೆಟ್ಟಗೆ ಇಳಿದಾಗಿನ ಮಾತು. ತಿರುವಿನಲ್ಲಿ ಚಿಕ್ಕ ಕ್ಯಾನೊಪಿ ಇನ್ನಷ್ಟು ಆಳಕ್ಕೆ ಧುಮುಕುತ್ತದೆ, ಚೇತರಿಸಿಕೊಳ್ಳಲು ಇನ್ನಷ್ಟು ಎತ್ತರ ಬೇಡುತ್ತದೆ. ಈ ಆಟದಲ್ಲಿ ಗಂಭೀರ ಪೆಟ್ಟುಗಳ ದೊಡ್ಡ ಪಾಲು ಆಗುವುದು ಸರಿಯಾಗಿ ತೆರೆದು, ಚೆನ್ನಾಗಿ ಹಾರುತ್ತಿದ್ದ ಕ್ಯಾನೊಪಿಯ ಕೆಳಗೇ. ಕೊನೆಯ ಗಳಿಗೆಯಲ್ಲಿ ಏನನ್ನೋ ತಪ್ಪಿಸಲು ಕೆಳಮಟ್ಟದಲ್ಲಿ ಹಾಕಿದ ಒಂದು ಗಾಬರಿಯ ತಿರುವಿನಲ್ಲಿ.

ಹಗುರ ಮೈಯವರು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. 55 ಕಿಲೋ ತೂಗುವವರು ಎಲ್ಲ ಸೇರಿಸಿ 67 ಕಿಲೋ, ಅಂದರೆ 148 ಪೌಂಡ್. 1.0ರ ಲೆಕ್ಕ ಹಿಡಿದರೆ 150ರ ಕ್ಯಾನೊಪಿ ಸರಿ. ಆದರೆ ಕ್ಯಾನೊಪಿ ಚಿಕ್ಕದಾದಂತೆ ಅದನ್ನು ಹಾರ್ನೆಸ್‌ಗೆ ಸೇರಿಸುವ ಲೈನುಗಳೂ ಗಿಡ್ಡವಾಗುತ್ತವೆ. ಗಿಡ್ಡ ಲೋಲಕ ಬೇಗ ಬೇಗ ತೂಗುವ ಹಾಗೆ, ಗಿಡ್ಡ ಲೈನಿನ ಕ್ಯಾನೊಪಿ ಟಾಗಲ್ (ತಿರುಗಿಸಲು, ಬ್ರೇಕ್ ಹಾಕಲು ಎಳೆಯುವ ಹಿಡಿ) ಮುಟ್ಟಿದರೆ ಸಾಕು, ಮಗ್ಗುಲಾಗುತ್ತದೆ. ಆದ್ದರಿಂದ 150ರಲ್ಲಿ 1.0 ಎಂಬುದು 220ರಲ್ಲಿ 1.0 ಇದ್ದಂತಲ್ಲ. 55 ಕಿಲೋದವರಿಗೆ 170 ಸೂಕ್ತ, ವಿಂಗ್ ಲೋಡಿಂಗ್ 0.87. 'ಅಷ್ಟು ದೊಡ್ಡದು ಕೊಂಡರೆ ಗಾಳಿಯಲ್ಲಿ ಹಿಂದಕ್ಕೆ ತೇಲಿಹೋಗ್ತೀಯ' ಎಂದು ಯಾರಾದರೂ ಹೆದರಿಸುತ್ತಾರೆ. ಕ್ಯಾನೊಪಿ ಹಿಂದಕ್ಕೆ ತೇಲುವಷ್ಟು ಗಾಳಿಯಿದ್ದರೆ ಹೊಸಬರು ಅವತ್ತು ನೆಲದ ಮೇಲಿರಬೇಕು. ಉತ್ತರ ಅಷ್ಟೇ.

ಎತ್ತರದ ಊರಿನ ಡ್ರಾಪ್ ಝೋನ್ ಆದರೆ ಇನ್ನೊಂದು ಮೆಟ್ಟಿಲು ದೊಡ್ಡದು. ಸಮುದ್ರ ಮಟ್ಟದಿಂದ 1500 ಮೀಟರ್ ಮೇಲೆ ಗಾಳಿ ತೆಳುವಾಗಿ, ಅದೇ ಕ್ಯಾನೊಪಿ ಏಳೆಂಟು ಶೇಕಡಾ ಹೆಚ್ಚು ವೇಗದಲ್ಲಿ ಇಳಿಯುತ್ತದೆ. ಸುಡುಬಿಸಿಲಿದ್ದರೆ ಮತ್ತಷ್ಟು.

ಒಂದು ಅಳತೆ ಇಳಿಯುವ ಮುನ್ನ ಈಗಿನ ಅಳತೆಯಲ್ಲಿ ಏನೆಲ್ಲ ಬರಬೇಕು? ಎದ್ದು ನಿಂತು ಇಳಿಯುವುದು ಲೆಕ್ಕಕ್ಕೇ ಇಲ್ಲ. ಗಾಳಿಗೆ ಅಡ್ಡವಾಗಿ ಇಳಿಯಲು ಬರಬೇಕು, ಹಗುರ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಇಳಿಯಲು ಬರಬೇಕು. ಎರಡೂ ಟಾಗಲ್ ಅರ್ಧ ಎಳೆದಿಟ್ಟು, ಹೆಚ್ಚು ಎತ್ತರ ಕಳೆದುಕೊಳ್ಳದೆ ಚಪ್ಪಟೆಯಾಗಿ ತೊಂಬತ್ತು ಡಿಗ್ರಿ ತಿರುಗಲು ಬರಬೇಕು; ಗಾಬರಿಯ ತಿರುವಿನ ಜಾಗದಲ್ಲಿ ಕೈ ಮಾಡಬೇಕಾದ ಕೆಲಸ ಇದೇ. ಫ್ಲೇರ್ ಮಾಡುತ್ತಿರುವಾಗಲೇ, ಅಂದರೆ ನೆಲ ಮುಟ್ಟುವ ಮುನ್ನ ಎರಡೂ ಟಾಗಲ್ ಎಳೆದು ವೇಗ ತಗ್ಗಿಸುತ್ತಿರುವಾಗಲೇ, ಸ್ವಲ್ಪ ದಿಕ್ಕು ಬದಲಿಸಲು ಬರಬೇಕು. ಹೇಳಿದ ಗುರಿಯ ಹತ್ತು ಮೀಟರ್ ಒಳಗೆ, ಒಂದು ಸಲ ಅದೃಷ್ಟದಿಂದಲ್ಲ, ಸಾಲಾಗಿ ಐದಾರು ಸಲ ಇಳಿಯಬೇಕು. ಮೊದಲೆರಡನ್ನು ಇನ್‌ಸ್ಟ್ರಕ್ಟರ್ ಜೊತೆ ಮಾತಾಡಿ, ಅವರು ನೋಡುತ್ತಿರುವಾಗಲೇ ಅಭ್ಯಾಸ ಮಾಡಿ. ಇವುಗಳಲ್ಲಿ ಒಂದು ಬರದಿದ್ದರೂ ಈಗಿನ ಅಳತೆಯಲ್ಲೇ ಕಲಿಯುವುದು ಬಾಕಿಯಿದೆ.

ಹೆಜ್ಜೆ 4: ಆಕಾರ, ಬಟ್ಟೆ, ಲೈನು

ಇಂದಿನ ಚೌಕ ಪ್ಯಾರಾಶೂಟ್‌ಗಳೆಲ್ಲ 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಗಾಳಿ ತುಂಬುವ ರೆಕ್ಕೆಯ ಸಂತತಿ. ಮುಂದಿನ ಬಾಯಿಯಿಂದ ಗಾಳಿ ನುಗ್ಗಿ ಸೆಲ್ ಎಂಬ ಉದ್ದನೆಯ ಕೋಣೆಗಳು ಉಬ್ಬಿಕೊಳ್ಳುತ್ತವೆ. ಮೊದಲ ಮೇನ್‌ಗೆ ಒಂಬತ್ತು ಸೆಲ್‌ನದೋ ಏಳು ಸೆಲ್‌ನದೋ ಎಂಬ ಚರ್ಚೆ ತುಂಬ ನಡೆಯುತ್ತದೆ. ಒಂಬತ್ತು ಸೆಲ್ ಹೆಚ್ಚು ದೂರ ತೇಲುತ್ತದೆ, ಫ್ಲೇರ್ ಬಲವಾಗಿರುತ್ತದೆ. ಏಳು ಸೆಲ್ ಸ್ವಲ್ಪ ಕಡಿದಾಗಿ ಇಳಿಯುತ್ತದೆ, ತೆರೆಯುವಾಗ ನಂಬಿಕಸ್ಥ. ಎರಡೂ ನಡೆಯುತ್ತವೆ. ನಡೆಯದಿರುವುದು ಪೂರ್ಣ ದೀರ್ಘವೃತ್ತಾಕಾರದ, ತುದಿ ಮೊನಚಾದ ರೆಕ್ಕೆ. ಪರ್ಫಾರ್ಮೆನ್ಸ್ ಡಿಸೈನ್ಸ್ ಕಂಪನಿಯ ಸ್ಟಿಲೆಟೊ, ಕಟಾನಾ, ಅಡ್ಡಪಟ್ಟಿ ಕೊಟ್ಟ ವೆಲಾಸಿಟಿ ಇಂಥವು ಎಷ್ಟೇ ದೊಡ್ಡ ಅಳತೆಯಲ್ಲಿ ಸಿಕ್ಕಿದರೂ, ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ. ಹೊಸಬರ ಬೆನ್ನಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳೆಂದರೆ ಅದೇ ಕಂಪನಿಯ ಸೇಬರ್ 2, ಸೇಬರ್ 3, ಪಲ್ಸ್, ಏಳು ಸೆಲ್‌ನ ಸ್ಪೆಕ್ಟರ್, ಐಕಾರಸ್‌ನ ಸಫೈರ್, ಏರೊಡೈನ್‌ನ ಪೈಲಟ್. ಹಳೆಯ ಮೊದಲ ಪೀಳಿಗೆಯ ಸೇಬರ್ ಅಗ್ಗಕ್ಕೆ ಸಿಗುತ್ತದೆ, ಹಾರಾಟವೂ ಚೆನ್ನ, ಆದರೆ ಧಡ್ ಎಂದು ತೆರೆದು ಕುತ್ತಿಗೆ ಹಿಡಿಸುತ್ತದೆ ಎಂಬ ಕೆಟ್ಟ ಹೆಸರು ಅದಕ್ಕಿದೆ. ಅಳತೆಯ ಅಂಕಿ ಕೂಡ ಕಂಪನಿಯಿಂದ ಕಂಪನಿಗೆ ಒಂದೇ ಆಗಿರುವುದಿಲ್ಲ, ಅಳೆಯುವ ಪದ್ಧತಿ ಬೇರೆ. ಒಬ್ಬರ 170 ಇನ್ನೊಬ್ಬರ 170ಕ್ಕಿಂತ ತುಸು ಚಿಕ್ಕದಿರಬಹುದು.

ಬಟ್ಟೆಯಲ್ಲಿ ಎರಡು ಜಾತಿ. ಗಾಳಿ ಸೋರದ ಝಡ್‌ಪಿ ಅಂದರೆ ಝೀರೊ ಪೊರಾಸಿಟಿ; ಅಲ್ಪಸ್ವಲ್ಪ ಸೋರುವ, ಎಫ್-111 ಎಂದು ಕರೆಯುವ ನೈಲಾನ್. ಎಫ್-111ರ ಮೇನ್ ಕೆಲವು ನೂರು ಜಂಪ್ ಆಗುವಷ್ಟರಲ್ಲಿ ಸೋರಿಕೆ ಹೆಚ್ಚಿ ಫ್ಲೇರ್ ಸೊರಗುತ್ತದೆ. ಝಡ್‌ಪಿ ಬಹಳ ವರ್ಷ ಬಾಳುತ್ತದೆ, ಆದರೆ ಹೊಸದು ಮಡಚುವಾಗ ಸೋಪು ಹಚ್ಚಿದ ಮೀನಿನ ಹಾಗೆ ಕೈಯಿಂದ ಜಾರುತ್ತದೆ. ಎರಡನ್ನೂ ಬೆರೆಸಿದ ಹೈಬ್ರಿಡ್‌ಗಳಿವೆ, ಪಲ್ಸ್ ಅಂಥದ್ದು. ಪ್ಯಾಕ್ ಮಾಡಲು ಸುಲಭ, ಕಂಟೇನರಿನಲ್ಲಿ ಕಡಿಮೆ ಜಾಗ ಹಿಡಿಯುತ್ತದೆ. ಒಂದು ಸಣ್ಣ ಗುಟ್ಟು: ಸೆಕೆಂಡ್ ಹ್ಯಾಂಡ್ ಝಡ್‌ಪಿ ಕ್ಯಾನೊಪಿ ಅಚ್ಚರಿಯಾಗುವಷ್ಟು ಸಲೀಸಾಗಿ ಮಡಚಿಕೊಂಡರೆ ಸಂತೋಷಪಡಬೇಡಿ, ಅದರ ವಯಸ್ಸು ಕೇಳಿ.

ಲೈನುಗಳ ವಿಷಯದಲ್ಲಿ ತಿಳಿದಿರಬೇಕಾದ್ದು ಸ್ಪೆಕ್ಟ್ರಾ ಎಂಬ ನಾರಿನ ಲೈನು ಕುಗ್ಗುತ್ತದೆ ಎಂಬುದು. ಪ್ರತಿ ಜಂಪಿನಲ್ಲೂ ಸ್ಲೈಡರ್ (ಕ್ಯಾನೊಪಿ ನಿಧಾನವಾಗಿ ತೆರೆಯುವಂತೆ ಲೈನುಗಳ ಮೇಲೆ ಜಾರುವ ಬಟ್ಟೆ) ಉಜ್ಜಿಕೊಂಡು ಇಳಿಯುವಾಗ ಹುಟ್ಟುವ ಬಿಸಿಗೆ ಹೊರಗಿನ ಲೈನುಗಳು, ಬ್ರೇಕ್ ಲೈನುಗಳು ಹೆಚ್ಚು ಕುಗ್ಗಿ, ಕ್ಯಾನೊಪಿಯ ಹದವೇ ತಪ್ಪುತ್ತದೆ. ಟಾಗಲ್ ಪೂರ್ತಿ ಮೇಲಿದ್ದಾಗ ತಲೆಯೆತ್ತಿ ನೋಡಿ: ಬ್ರೇಕ್ ಲೈನುಗಳು ಹಿಂದಕ್ಕೆ ಬಿಲ್ಲಿನಂತೆ ಸ್ವಲ್ಪ ಬಾಗಿರಬೇಕು. ನೇರ ಬಿಗಿದು ಹಿಂಬದಿಯನ್ನು ಎಳೆದು ಹಿಡಿದಿದ್ದರೆ ಲೈನ್ ಬದಲಿಸುವ ಕಾಲ. ವೆಕ್ಟ್ರಾನ್, ಎಚ್‌ಎಂಎ ಎಂಬ ನಾರುಗಳ ಲೈನು ಕುಗ್ಗುವುದಿಲ್ಲ. ಅವನ್ನು ಜಂಪ್ ಲೆಕ್ಕ ಇಟ್ಟು, ತಯಾರಕರು ಹೇಳಿದ ಹೊತ್ತಿಗೆ ಬದಲಿಸಬೇಕು.

ಹೆಜ್ಜೆ 5: ರಿಸರ್ವ್‌ನಲ್ಲಿ ಜಿಪುಣತನ ಬೇಡ

ಇಲ್ಲಿ ನಾನು ಹಟವಾದಿ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮೇನ್ 170, ರಿಸರ್ವ್ 126 ಇರುವ ರಿಗ್‌ಗಳು ಸಿಗುತ್ತವೆ. ಮಾರುವವರು 'ರಿಸರ್ವ್ ಯಾವಾಗಲೋ ಒಂದು ಸಲ' ಎನ್ನುತ್ತಾರೆ. ನಮ್ಮ 183 ಪೌಂಡಿನ ಗೆಳೆಯನಿಗೆ 126ರಲ್ಲಿ ವಿಂಗ್ ಲೋಡಿಂಗ್ 1.45. ಮೇನ್‌ನಲ್ಲಿ ಯಾವ ಇನ್‌ಸ್ಟ್ರಕ್ಟರೂ ಒಪ್ಪದ ಅಂಕಿ. ರಿಸರ್ವ್ ತೆರೆಯುವ ಸಂದರ್ಭವನ್ನು ಕಲ್ಪಿಸಿಕೊಳ್ಳಿ: ಕೆಟ್ಟ ಮೇನ್ ಅನ್ನು ಕಟ್‌ಅವೇ ಮಾಡಿ, ಅಂದರೆ ಬಿಡಿಸಿ ಹಾಕಿ, ಎತ್ತರ ಕಳೆದಿದೆ, ಎದೆ ಡವಡವ, ಇಳಿಯುವ ಜಾಗ ನಿಮ್ಮ ಆಯ್ಕೆಯದಲ್ಲ, ಈ ಕ್ಯಾನೊಪಿಯನ್ನು ಜೀವನದಲ್ಲಿ ಮೊದಲ ಸಲ ಹಾರಿಸುತ್ತಿದ್ದೀರಿ. ಅಥವಾ ತಲೆಗೆ ಪೆಟ್ಟು ಬಿದ್ದು ಎಚ್ಚರವಿಲ್ಲದೆ, ಎಎಡಿ ಬಿಡಿಸಿದ ರಿಸರ್ವ್‌ನ ಕೆಳಗೆ, ಫ್ಲೇರ್ ಇಲ್ಲದೆ ಇಳಿಯುತ್ತಿದ್ದೀರಿ. ರಿಸರ್ವ್‌ಗಳು ಸಾಮಾನ್ಯವಾಗಿ ಏಳು ಸೆಲ್‌ನವು, ಬಟ್ಟೆ ಸ್ವಲ್ಪ ಸೋರುವ ಜಾತಿಯದು, ಫ್ಲೇರ್ ನಿಮ್ಮ ಝಡ್‌ಪಿ ಮೇನ್‌ನಷ್ಟು ಉದಾರವಲ್ಲ.

ಹಾಗಾಗಿ ರಿಸರ್ವ್ ಮೇನ್‌ನ ಅಳತೆಗೆ ಸಮೀಪವಿರಲಿ. 183 ಪೌಂಡಿಗೆ 193 ಒಳ್ಳೆಯದು, 176 ಒಪ್ಪಬಹುದು. ಎರಡೂ ಒಟ್ಟಿಗೆ ತೆರೆದುಕೊಂಡ ಅಪರೂಪದ ಗಳಿಗೆಯಲ್ಲೂ ಅಳತೆ ಸಮೀಪವಿದ್ದರೆ ಅವು ಜೊತೆಯಾಗಿ ಹಾರುವ ಸಂಭವ ಹೆಚ್ಚು. ರಿಸರ್ವ್ ಮೇಲಿನ ಲೇಬಲ್ಲಿನಲ್ಲಿ ಗರಿಷ್ಠ ತೂಕ ಬರೆದಿರುತ್ತದೆ. ಅದು ಬಟ್ಟೆ ಹರಿಯದಿರುವ ಮಿತಿ, ನೀವು ಸುಖವಾಗಿ ಇಳಿಯುವ ಮಿತಿಯಲ್ಲ. ಅದೇ ವಿಸ್ತೀರ್ಣವನ್ನು ಕಡಿಮೆ ಜಾಗದಲ್ಲಿ ಮಡಚಬಹುದಾದ ಆಪ್ಟಿಮಮ್‌ನಂಥ ರಿಸರ್ವ್‌ಗಳಿವೆ, ಚಿಕ್ಕ ಕಂಟೇನರಿಗೆ ಒಂದು ಅಳತೆ ದೊಡ್ಡದು ಸೇರಿಸಲು ಅನುಕೂಲ.

ಹೆಜ್ಜೆ 6: ಕಂಟೇನರ್ ಮತ್ತು ಹಾರ್ನೆಸ್

ಕಂಟೇನರ್ ಒಂದೇ ಅಳತೆಯ ಕ್ಯಾನೊಪಿಗೆ ಹೊಲಿದಿರುವುದಿಲ್ಲ, ಒಂದು ಮೆಟ್ಟಿಲು ಮೇಲೆ, ಒಂದು ಕೆಳಗೆ ಹಿಡಿಸುತ್ತದೆ. ಜಾವೆಲಿನ್, ವೆಕ್ಟರ್, ಮಿರಾಜ್, ವಿಂಗ್ಸ್, ಇನ್ಫಿನಿಟಿ ಯಾವುದೇ ಇರಲಿ, ತಯಾರಕರ ಪಟ್ಟಿಯಲ್ಲಿ ಯಾವ ಮಾದರಿಗೆ ಯಾವ ಕ್ಯಾನೊಪಿ ಬಿಗಿ, ಯಾವುದು ಹದ, ಯಾವುದು ಸಡಿಲ ಎಂದು ಬರೆದಿರುತ್ತದೆ. ಈಗ 190 ಹಾರಿಸುವವರು 170ಕ್ಕೆ ಹದವಾದ, 190 ಬಿಗಿಯಾಗಿ ಹಿಡಿಸುವ ಕಂಟೇನರ್ ಕೊಂಡರೆ ಒಂದು ಡೌನ್‌ಸೈಜ್‌ವರೆಗೆ ಚಿಂತೆಯಿಲ್ಲ. ಅದಕ್ಕಿಂತ ಚಿಕ್ಕದಕ್ಕೆ ತುರುಕಿದರೆ ಪ್ರತಿ ಪ್ಯಾಕಿಂಗೂ ಕುಸ್ತಿ. ಸಡಿಲವಾದರೆ ಮುಚ್ಚುವ ಪಿನ್ನು ಹೊತ್ತಲ್ಲದ ಹೊತ್ತಿನಲ್ಲಿ ಜಾರಿ ಕಂಟೇನರ್ ತೆರೆದುಕೊಳ್ಳುವ ಭಯ.

ಹಾರ್ನೆಸ್ ಅಳತೆ ನನ್ನ ಸ್ವಂತ ಪಾಠ. ನಾನು ಮೊದಲು ಕೊಂಡ ಹಳೆಯ ರಿಗ್ಗಿನ ಮುಖ್ಯ ಪಟ್ಟಿ, ಅಂದರೆ ಭುಜದಿಂದ ಸೊಂಟಕ್ಕೆ ಇಳಿಯುವ ಮೇನ್ ಲಿಫ್ಟ್ ವೆಬ್, ನನಗಿಂತ ಉದ್ದದವರಿಗೆ ಹೊಲಿದದ್ದು. ನೆಲದ ಮೇಲೆ ಕಟ್ಟಿಕೊಂಡಾಗ ಎರಡಿಂಚು ಸಡಿಲ ಅನಿಸಿತು, 'ಇರಲಿ' ಎಂದೆ. ಆಕಾಶದಲ್ಲಿ ಕುಳಿತ ಭಂಗಿಗೆ ಹೋದಾಗ ಕಂಟೇನರ್ ಬೆನ್ನ ಮೇಲೆ ಅತ್ತಿತ್ತ ಜಾರಿತು. ಕ್ಯಾನೊಪಿ ತೆರೆದ ಮೇಲೆ ಹಾರ್ನೆಸ್ ಮೇಲೇರಿ, ಮೇನ್ ಅನ್ನು ಹಾರ್ನೆಸ್‌ಗೆ ಹಿಡಿದಿಡುವ ಮೂರು ಉಂಗುರಗಳು ಕಿವಿಯ ಹತ್ತಿರ ಬಂದವು. ರಿಸರ್ವ್ ಹ್ಯಾಂಡಲ್ ನಾನು ನೆಲದ ಮೇಲೆ ಅಭ್ಯಾಸ ಮಾಡಿದ ಜಾಗದಲ್ಲಿ ಇರಲಿಲ್ಲ. ಆ ಒಂದು ಜಂಪ್ ಸಾಕಾಯಿತು. ಪಟ್ಟಿ ಗಿಡ್ಡ ಮಾಡಿಸಲು ಕಂಟೇನರನ್ನು ಪರಿಣತರ ಕೈಗೆ ಕಳಿಸಿ ತಿಂಗಳುಗಟ್ಟಲೆ ಕಾದೆ. ಉಳಿಸಿದ ಹಣ ಅಲ್ಲೇ ಹೋಯಿತು.

ನೀವು ಹಾಗೆ ಮಾಡಬೇಡಿ. ತರಬೇತಿಗಿಟ್ಟ ಕೊಕ್ಕೆಗೆ ರೈಸರ್ (ಲೈನುಗಳನ್ನು ಹಾರ್ನೆಸ್‌ಗೆ ಸೇರಿಸುವ ಪಟ್ಟಿ) ಸಿಕ್ಕಿಸಿ, ರಿಗ್ಗಿನಲ್ಲಿ ತೂಗಿ ನೋಡಿ. ಕಾಲುಪಟ್ಟಿ ಬಿಗಿದ ಮೇಲೂ ಭುಜದ ಮೇಲೆ ಅಂತರ ಉಳಿಯುತ್ತದೆಯೇ, ಕಣ್ಣು ಮುಚ್ಚಿ ಎರಡೂ ಹ್ಯಾಂಡಲ್ ಹಿಡಿಯಲು ಆಗುತ್ತದೆಯೇ, ಬೆನ್ನ ಹಿಂದೆ ಕೆಳಗಿರುವ ಪೈಲಟ್ ಚ್ಯೂಟ್ (ಮೇನ್ ಅನ್ನು ಹೊರಗೆಳೆಯುವ ಪುಟ್ಟ ಪ್ಯಾರಾಶೂಟ್) ಹಿಡಿ ಎರಡು ಬದಿ ತಡವದೆ ಕೈಗೆ ಸಿಗುತ್ತದೆಯೇ. ಹೊಸದನ್ನು ಆರ್ಡರ್ ಮಾಡುವುದಾದರೆ ಅಳತೆಯನ್ನು ಅನುಭವಿ ರಿಗ್ಗರ್ (ಪ್ಯಾರಾಶೂಟ್ ಜೋಡಿಸಿ, ತಪಾಸಿಸುವ ಪರಿಣತ) ಕೈಯಿಂದಲೇ ತೆಗೆಸಿ. ತಲುಪಲು ತಿಂಗಳುಗಳು ಹಿಡಿಯುತ್ತವೆ ಎಂಬುದೂ ಲೆಕ್ಕದಲ್ಲಿರಲಿ.

ಹೆಜ್ಜೆ 7: ಎಎಡಿ, ಆರ್‌ಎಸ್‌ಎಲ್

ಎಎಡಿ ಇಲ್ಲದೆ ರಿಗ್ ಕಟ್ಟಬೇಡಿ. 1991ರಲ್ಲಿ ಜರ್ಮನಿಯ ಏರ್‌ಟೆಕ್ ತಂದ ಸೈಪ್ರೆಸ್ ಈ ಯಂತ್ರಗಳನ್ನು ನಂಬುವಂತೆ ಮಾಡಿತು. ಅದು ಪಿನ್ ಎಳೆಯುವುದಿಲ್ಲ. ರಿಸರ್ವ್ ಮುಚ್ಚಿಟ್ಟ ದಾರದ ಕುಣಿಕೆಯನ್ನೇ ಕತ್ತರಿಸುತ್ತದೆ. ಅನುಭವಿಗಳ ಮಾದರಿ ಸುಮಾರು 225 ಮೀಟರ್ ಎತ್ತರದಲ್ಲಿ ನೀವು ಸೆಕೆಂಡಿಗೆ 35 ಮೀಟರಿಗಿಂತ ವೇಗದಲ್ಲಿ ಬೀಳುತ್ತಿದ್ದರೆ ಕೆಲಸ ಮಾಡುತ್ತದೆ. ವಿದ್ಯಾರ್ಥಿ ಮಾದರಿಗೆ 13 ಮೀಟರ್ ಸಾಕು. ಹಳೆಯದನ್ನು ಕೊಳ್ಳುವಾಗ ಅದು ಯಾವ ಮಾದರಿ ಎಂದು ನೋಡಿ, ಏಕೆಂದರೆ ಕ್ಯಾನೊಪಿಯ ಕೆಳಗೆ ಬಿರುಸಾಗಿ ಸುತ್ತಿದರೂ 13 ಮೀಟರ್ ದಾಟಬಹುದು.

ಎಎಡಿಗೆ ಆಯಸ್ಸಿದೆ. ಸೈಪ್ರೆಸ್ 2ರಲ್ಲಿ ಹಳೆಯವಕ್ಕೆ ತಯಾರಾದ ದಿನದಿಂದ 12 ವರ್ಷ 6 ತಿಂಗಳು, ಹೊಸವಕ್ಕೆ 15 ವರ್ಷ 6 ತಿಂಗಳು. ವಿಜಿಲ್‌ಗೆ 20 ವರ್ಷ. ಎರಡು ವರ್ಷ ಉಳಿದ ಯಂತ್ರಕ್ಕೆ ಎರಡು ವರ್ಷದ ಬೆಲೆ ಮಾತ್ರ ಕೊಡಿ.

ಆರ್‌ಎಸ್‌ಎಲ್ ಎಂಬುದು ಮೇನ್ ರೈಸರಿನಿಂದ ರಿಸರ್ವ್‌ಗೆ ಕಟ್ಟಿದ ಪಟ್ಟಿ. ಕಟ್‌ಅವೇ ಮಾಡಿದ ಮೇನ್ ದೂರ ಹೋಗುತ್ತಲೇ ರಿಸರ್ವ್ ಪಿನ್ ಎಳೆಯುತ್ತದೆ. ಸ್ಕೈಹುಕ್‌ನಂಥವು ಇನ್ನೂ ಮುಂದೆ ಹೋಗಿ, ಬಿಟ್ಟುಹೋಗುವ ಮೇನ್‌ನಿಂದಲೇ ರಿಸರ್ವ್ ಚೀಲವನ್ನು ಹೊರಗೆ ಎಳೆಸುತ್ತವೆ. ಹೊಸಬರಿಗೆ ಎರಡರಲ್ಲೊಂದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಹ್ಯಾಂಡಲ್ ವಿಷಯದಲ್ಲಿ, ರಿಸರ್ವ್‌ಗೆ ಲೋಹದ ಡಿ ಆಕಾರದ್ದು, ಕಟ್‌ಅವೇಗೆ ಮೆತ್ತನೆಯ ದಿಂಡು. ಎರಡೂ ಕೈಗೆ ಬೇರೆ ಬೇರೆ ಅನ್ನಿಸಬೇಕು.

ಹೆಜ್ಜೆ 8: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಮೊದಲ ರಿಗ್ ಸೆಕೆಂಡ್ ಹ್ಯಾಂಡ್ ಆಗಿರುವುದೇ ಜಾಣತನ, ಏಕೆಂದರೆ ಮೇನ್ ಅಂತೂ ಒಂದೆರಡು ವರ್ಷದಲ್ಲಿ ಕೈ ಬದಲಾಗುತ್ತದೆ. ಫೋಟೊ ನೋಡಿ ಹಣ ಕಳಿಸುವುದು ಮಾತ್ರ ಬೇಡ. ಪ್ರತಿ ಭಾಗದ ಸೀರಿಯಲ್ ನಂಬರ್, ತಯಾರಾದ ದಿನಾಂಕ, ಒಟ್ಟು ಜಂಪ್, ಈಗಿನ ಲೈನ್ ಸೆಟ್ಟಿನ ಮೇಲೆ ಎಷ್ಟು ಜಂಪ್, ರಿಸರ್ವ್ ಎಷ್ಟು ಸಲ ತೆರೆದಿದೆ, ಎಷ್ಟು ಸಲ ರೀಪ್ಯಾಕ್ ಆಗಿದೆ (ಬಿಚ್ಚಿ ಮತ್ತೆ ಮಡಚಿದೆ), ಸಮುದ್ರದಲ್ಲೋ ಕೆರೆಯಲ್ಲೋ ಬಿದ್ದಿದೆಯೇ, ಇಷ್ಟನ್ನು ಬರೆದು ಕೇಳಿ. ಪರ್ಫಾರ್ಮೆನ್ಸ್ ಡಿಸೈನ್ಸ್ ತನ್ನ ರಿಸರ್ವ್‌ಗಳನ್ನು 40 ರೀಪ್ಯಾಕ್ ಅಥವಾ 25 ಸಲ ತೆರೆದ ಮೇಲೆ ಕಾರ್ಖಾನೆ ತಪಾಸಣೆಗೆ ಕಳಿಸಲು ಹೇಳುತ್ತದೆ. ಪ್ಯಾಕಿಂಗ್ ಕಾರ್ಡ್ ತೋರಿಸಲು ಹಿಂಜರಿಯುವವರ ಹತ್ತಿರ ಮಾತು ಮುಂದುವರಿಸಬೇಡಿ.

ಆಮೇಲೆ ರಿಗ್ ನಿಮ್ಮ ರಿಗ್ಗರ್ ಹತ್ತಿರ ಹೋಗಲಿ, ಮಾರುವವರ ಸ್ನೇಹಿತನ ಹತ್ತಿರ ಅಲ್ಲ. ಹಣ ಮಧ್ಯಸ್ಥರೊಬ್ಬರ ಕೈಯಲ್ಲಿರಲಿ, ರಿಗ್ಗರ್ ಒಪ್ಪಿದ ಮೇಲೆ ಮಾರಿದವರಿಗೆ ಸೇರಲಿ. ನೀವೂ ನೋಡಬಹುದಾದವು ಇವೆ: ಪೈಲಟ್ ಚ್ಯೂಟಿನ ಬಟ್ಟೆ ಜಾಳಾಗಿದೆಯೇ, ಅದರ ಚೀಲದ ಹಿಗ್ಗುವ ಬಟ್ಟೆ ಸೋತಿದೆಯೇ, ವೆಲ್ಕ್ರೊ ಅಂಟುತ್ತದೆಯೇ, ಕುಣಿಕೆ ಹಾಯುವ ಲೋಹದ ಬಳೆ, ಅಂದರೆ ಗ್ರಾಮೆಟ್, ಅದರ ಅಂಚು ಚೂಪಾಗಿದೆಯೇ, 1970ರ ದಶಕದಲ್ಲಿ ಬಿಲ್ ಬೂತ್ ಕಂಡುಹಿಡಿದ ಆ ಮೂರು ಉಂಗುರಗಳ ಜೋಡಣೆಯಲ್ಲಿ ಬಿಳಿ ಕುಣಿಕೆಯ ದಾರ ಎದ್ದಿದೆಯೇ. ಬಿಸಿಲಿಗೆ ಮಾಸಿದ ಬಣ್ಣವೂ ಒಂದು ಸುಳಿವು. ಸೂರ್ಯನ ಬೆಳಕು ನೈಲಾನ್ ತಿನ್ನುತ್ತದೆ.

ಹೆಲ್ಮೆಟ್, ಕೈಯ ಆಲ್ಟಿಮೀಟರ್, ಕಿವಿಗೆ ಸದ್ದು ಮಾಡುವ ಆಡಿಬಲ್, ಪಟ್ಟಿ ಕತ್ತರಿಸುವ ಹುಕ್ ನೈಫ್. ಇವು ರಿಗ್ಗಿಗೆ ಮೊದಲೇ ನಿಮ್ಮದಾಗಿರಲಿ. ಅಳತೆಯ ತಲೆನೋವು ಹೆಲ್ಮೆಟ್ಟಿಗೆ ಮಾತ್ರ.

ಹೆಜ್ಜೆ 9: ಮೊದಲ ಹತ್ತು ಜಂಪ್

ಭಾಗಗಳನ್ನು ಜೋಡಿಸುವುದು ರಿಗ್ಗರ್ ಕೆಲಸ. ಜೋಡಿಸುವಾಗ ಪಕ್ಕದಲ್ಲಿ ಕೂತು ನೋಡಿ, ಮೊದಲ ಪ್ಯಾಕಿಂಗನ್ನು ಅವರ ಕಣ್ಣೆದುರೇ ಮಾಡಿ. ಮೊದಲ ಜಂಪ್ ಒಂಟಿಯಾಗಿ, ಹಗುರ ಗಾಳಿಯ ದಿನ, 5000 ಅಡಿಗೆ ತೆರೆಯುವ ಹಾಗೆ. ಎ ಲೈಸೆನ್ಸಿನವರಿಗೆ ಯುಎಸ್‌ಪಿಎ ಹೇಳುವ ಕನಿಷ್ಠ 3000 ಅಡಿ. ನಿಮಗೆ ಬೇಕಿರುವುದು ಅದರ ಮೇಲಿನ ಎರಡು ಸಾವಿರ ಅಡಿಯ ಆಟದ ಜಾಗ. ಹಾರುವ ಮೊದಲೇ ವಿಮಾನದವರಿಗೂ ಉಳಿದ ಜಂಪರ್‌ಗಳಿಗೂ ಎತ್ತರದಲ್ಲಿ ತೆರೆಯುತ್ತೀರೆಂದು ತಿಳಿಸಿ. ಆ ಜಾಗದಲ್ಲಿ ಮೂರು ನಾಲ್ಕು ಸಲ ಪೂರ್ತಿ ಫ್ಲೇರ್ ಮಾಡಿ, ಎಷ್ಟು ಎಳೆದಾಗ ಕ್ಯಾನೊಪಿ ಹಾರುವುದು ಬಿಟ್ಟು ಕುಸಿಯುತ್ತದೆ (ಸ್ಟಾಲ್) ಎಂದು ಕಂಡುಕೊಳ್ಳಿ, ಬ್ರೇಕಿನಲ್ಲಿ ಒಂದು ತಿರುವು, ಬ್ರೇಕಿಲ್ಲದೆ ಒಂದು ತಿರುವು ಹಾಕಿ, ಎರಡರಲ್ಲೂ ಎಷ್ಟೆಷ್ಟು ಎತ್ತರ ಕಳೆಯಿತು ಎಂದು ಆಲ್ಟಿಮೀಟರಿನಲ್ಲಿ ನೋಡಿ. 2000 ಅಡಿ ಮುಟ್ಟುವ ಮುಂಚೆ ಇದೆಲ್ಲ ನಿಲ್ಲಲಿ. ಇಳಿದ ಕೂಡಲೇ ಅಂಕಿಗಳನ್ನು ಲಾಗ್‌ಬುಕ್ಕಿನಲ್ಲಿ ಬರೆಯಿರಿ.

ಇನ್ನೊಂದು ಅಭ್ಯಾಸವನ್ನು ರಿಸರ್ವ್ ರೀಪ್ಯಾಕ್ ದಿನಕ್ಕೆ ಇಟ್ಟುಕೊಳ್ಳಿ. ಅಮೆರಿಕದಲ್ಲಿ 180 ದಿನಕ್ಕೊಮ್ಮೆ ರೀಪ್ಯಾಕ್ ಕಡ್ಡಾಯ. ಬೇರೆಡೆ ಅವಧಿ ಬೇರೆಯಿರಬಹುದು. ರಿಗ್ಗರ್ ಹೇಗೂ ರಿಸರ್ವ್ ಬಿಚ್ಚಬೇಕು, ಅವರಿಗೆ ಮೊದಲೇ ಹೇಳಿ ರಿಗ್ಗನ್ನು ನೀವೇ ಕಟ್ಟಿಕೊಳ್ಳಿ. ಕಟ್‌ಅವೇ ದಿಂಡನ್ನು ಸಿಪ್ಪೆ ಸುಲಿದಂತೆ ಎಬ್ಬಿಸಿ ಎಳೆಯಿರಿ, ಕಣ್ಣನ್ನು ರಿಸರ್ವ್ ಹ್ಯಾಂಡಲ್‌ಗೆ ತಿರುಗಿಸಿ, ಎರಡೂ ಕೈಯಿಂದ ಅದನ್ನು ಎಳೆಯಿರಿ. ಎಷ್ಟು ಬಲ ಬೇಕಾಯಿತು, ಮೊಣಕೈ ಯಾವ ದಿಕ್ಕಿಗೆ ಹೋಯಿತು, ಸ್ಪ್ರಿಂಗಿನ ಪೈಲಟ್ ಚ್ಯೂಟ್ ಬೆನ್ನ ಹಿಂದೆ ಹೇಗೆ ಚಿಮ್ಮಿತು ಎಂದು ಕೈಗೂ ಕಿವಿಗೂ ಗೊತ್ತಾಗಲಿ. ಬಲ ಸಾಲದೆ ಹೋದರೆ ಅದನ್ನು ಅಲ್ಲೇ ರಿಗ್ಗರ್‌ಗೆ ಹೇಳಿ, ಸರಿಪಡಿಸಿದ ಮೇಲೆ ರಿಸರ್ವ್ ಮತ್ತೆ ಮಡಚಲಿ.